ಏಳು ಟವರಿನಾಚೆಯ ಗಿಣಿ

ಕಮ್ಮರಡಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಸುಲೋಚನಮ್ಮನ ಹೊಲಿಗೆ ಅಂಗಡಿಯಿತ್ತು. ಅವಳು ಹೊಲಿದ ಬ್ಲೌಸನ್ನು ಕೊಪ್ಪದ ದರ್ಜಿಗಳೂ ತಿರುಗಿಸಿ ನೋಡುತ್ತಿದ್ದರು. ಅವಳ ಬಾಯಿಗೆ ಮಾತ್ರ ಎಲ್ಲರೂ ಹೆದರುತ್ತಿದ್ದರು. ಮೈ ಬಂದವರಿಗೆ 'ಬಟ್ಟೆ ಕುಗ್ಗಿದೆ' ಎಂದು ಸಮಾಧಾನ ಹೇಳುವ ಜಾತಿಯ ದರ್ಜಿ ಅವಳಲ್ಲ. "ಬಟ್ಟೆ ಎಲ್ಲಿತ್ತೋ ಅಲ್ಲೇ ಇದೆ ಮಾರಾಯ್ತಿ, ಮುಂದೆ ಬಂದಿದ್ದು ನೀನು" ಎನ್ನುತ್ತಿದ್ದಳು.

ಗಂಡ ರಂಗಪ್ಪನದ್ದು ಒಂದು ಹಳೆಯ ಓಮ್ನಿ. ಕೊಪ್ಪಕ್ಕೆ, ಶೃಂಗೇರಿಗೆ, ಕರೆದರೆ ನರಸಿಂಹರಾಜಪುರಕ್ಕೂ ಬಾಡಿಗೆಗೆ ಹೋಗುತ್ತಿದ್ದ. ಅವನಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಸಂಸಾರ ಚೆನ್ನಾಗಿ ನಡೆಯುತ್ತಿರುವುದು ಅದೇ ಕಿವಿಯಿಂದ ಎಂದು ಊರಿನವರು ಹೇಳುತ್ತಿದ್ದರು. ಇನ್ನೊಂದೂ ಹೋದರೆ ಇನ್ನೂ ಚೆನ್ನಾಗಿರುತ್ತದೆ ಎಂದು ರಂಗಪ್ಪ ಹೇಳುತ್ತಿದ್ದ.

ಇವರ ಜೊತೆಗೆ ರಂಗಪ್ಪನ ತಾಯಿ ಸುಬ್ಬಮ್ಮ. ಎಂಬತ್ತು ದಾಟಿದ ಮುದುಕಿ. ಮೈಯಲ್ಲಿ ಶಕ್ತಿ ಇದ್ದ ಕಾಲದಲ್ಲಿ ಅಡಿಕೆ ಸುಲಿಯುವ ಕಡೆಯೆಲ್ಲ ಸುಬ್ಬಮ್ಮನಿಗೆ ಕರೆ ಬರುತ್ತಿತ್ತು. ಅವಳು ಸುಲಿಯುತ್ತಿದ್ದ ಅಡಿಕೆ ಅಷ್ಟಕ್ಕಷ್ಟೆ. ಆದರೆ ಅವಳು ಕತೆ ಹೇಳುತ್ತಾ ಕೂತರೆ ಬೇರೆಯವರಿಗೆ ನಿದ್ದೆ ಬರುತ್ತಿರಲಿಲ್ಲ, ಯಜಮಾನರಿಗೆ ಅದೇ ಲಾಭ. ಮದುವೆಯಾಗಿ ಬಂದ ಹೊಸತರಲ್ಲಿ ಸುಲೋಚನಮ್ಮನೂ ಅಲ್ಲಿ ಕೂತು ಕೇಳುತ್ತಿದ್ದಳು, ಕೇಳುತ್ತಾ ಕೇಳುತ್ತಾ ಜಗಳವಾಡುತ್ತಿದ್ದಳು.

"ಹೊಳೇಲಿ ಒಂದು ಚಿನ್ನದ ಕೂದ್ಲು ತೇಲಿ ಬಂತು, ಮದುವೆ ಆದ್ರೆ ಈ ಕೂದ್ಲಿನೋಳನ್ನೇ ಅಂತ ರಾಜಕುಮಾರ ಹಟ ಹಿಡಿದ ಅಂತೀರಲ್ಲ ಅತ್ತೆ, ಕೂದ್ಲು ಮುದುಕೀದಾಗಿದ್ರೆ?"

"ಕತೆಗೆ ಕಾಲಿಲ್ಲ, ನಿನ್ನ ನಾಲಿಗೆಗೆ ಎಲುಬಿಲ್ಲ. ಸುಮ್ನೆ ಸುಲಿ" ಎನ್ನುತ್ತಿದ್ದಳು ಸುಬ್ಬಮ್ಮ.

ಹಾಗಿದ್ದ ಸುಬ್ಬಮ್ಮನಿಗೆ ಮರೆವು ಹತ್ತಿಕೊಂಡಿತು. ಮೊದಲು ಊಟ ಮಾಡಿದ್ದು ಮರೆಯಿತು, ಆಮೇಲೆ ಮಗನ ಹೆಸರು, ಕೊನೆಗೆ ಮಾತೇ ಹೋಯಿತು. ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂರುತ್ತಿದ್ದಳು. ಮಾತಾಡಿಸುತ್ತಾ ಇರಿ ಎಂದು ಕೊಪ್ಪದ ಡಾಕ್ಟರು ಹೇಳಿ ಕಳಿಸಿದರು. ಉತ್ತರವೇ ಬರದವರ ಹತ್ತಿರ ಎಂತ ಮಾತಾಡುವುದು? ಹತ್ತೊಂಬತ್ತನೇ ವಯಸ್ಸಿಗೆ ಬಂದಾಗಿನಿಂದ ದಿನಾ ಜಗಳವಾಡಿಕೊಂಡು ಬಂದ ಅತ್ತೆ ಒಮ್ಮೆಲೇ ಸುಮ್ಮನಾದದ್ದು ಸುಲೋಚನಮ್ಮನಿಗೆ ಮನೆಯ ಕಂಬ ಕಳಚಿದ ಹಾಗಾಯಿತು.

ರಂಗಪ್ಪ ಬಾಡಿಗೆಗೆ ಹೋದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಸುಬ್ಬಮ್ಮನನ್ನು ಅಂಗಡಿಗೇ ಕರೆದುಕೊಂಡು ಬಂದು, ಮಿಷನ್ನಿನ ಪಕ್ಕದ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಒಂದು ಮಧ್ಯಾಹ್ನ, ಬೇರೆ ಎಂತದೂ ತೋಚದೆ, ಅತ್ತೆಯದೇ ಕತೆಯನ್ನು ಅತ್ತೆಗೇ ಹೇಳಲು ಶುರು ಮಾಡಿದಳು. ರಾಕ್ಷಸನ ಕತೆ ಅದು. ರಾಕ್ಷಸ ಒಬ್ಬ ರಾಜಕುಮಾರಿಯನ್ನು ಹೊತ್ತುಕೊಂಡು ಹೋಗಿ ತನ್ನ ಕೋಟೆಯಲ್ಲಿ ಇಟ್ಟಿರುತ್ತಾನೆ. ಹೊರಗೆ ಹೋಗುವಾಗ ಅವಳ ತಲೆದೆಸೆಗೆ ಬೆಳ್ಳಿಯ ಕೋಲು ಇಡುತ್ತಾನೆ, ಅವಳು ಸತ್ತಂತೆ ಮಲಗುತ್ತಾಳೆ. ಬಂದ ಮೇಲೆ ಚಿನ್ನದ ಕೋಲು ಇಡುತ್ತಾನೆ, ಎದ್ದು ಕೂರುತ್ತಾಳೆ. ಅವನಿಗೆ ಸಾವಿಲ್ಲ, ಏಕೆಂದರೆ ಪ್ರಾಣ ಮೈಯಲ್ಲಿಲ್ಲ. ಏಳು ಸಮುದ್ರದಾಚೆ ಒಂದು ಆಲದಮರ, ಮರದ ಪೊಟರೆಯಲ್ಲಿ ಪಂಜರ, ಪಂಜರದಲ್ಲಿ ಗಿಣಿ, ಆ ಗಿಣಿಯಲ್ಲಿ ಪ್ರಾಣ.

ಸುಲೋಚನಮ್ಮ ನೆಟ್ಟಗೆ ಹೇಳಿದಳು. ಸುಬ್ಬಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಇವಳಿಗೆ ಬೇಜಾರಾಗಿ, ಹೊಲಿಯುತ್ತಾ ಹೊಲಿಯುತ್ತಾ ಬಾಯಿಗೆ ಬಂದದ್ದು ಹೇಳತೊಡಗಿದಳು. "ಇದು ಇನ್ನು ಸಾವಿರ ವರ್ಷದ ಮೇಲೆ ನಡೆಯೋ ಕತೆ ಅತ್ತೆ. ರಾಕ್ಷಸ ಇರೋದು ಚಂದ್ರನ ಮೇಲೆ. ಕೋಲು ಗೀಲು ಎಂತದೂ ಇಲ್ಲ, ರಾಜಕುಮಾರಿ ಬೆನ್ನಿಗೆ ಸ್ವಿಚ್ ಇದೆ. ಆಫ್ ಮಾಡಿ ಹೋಗ್ತಾನೆ, ಬಂದು ಆನ್ ಮಾಡ್ತಾನೆ. ಅವನ ಪ್ರಾಣ ಏಳು ಟವರಿನಾಚೆ ಇರೋ ಒಂದು ಟವರಲ್ಲಿ..."

"ಥೂ!"

ಮಿಷನ್ನು ನಿಂತಿತು.

"ಗಿಣಿ ಕಣೇ, ಗಿಣಿ! ಟವರಂತೆ! ಯಾವ ಮುಂಡೇದು ನಿಂಗೆ ಈ ಕತೆ ಹೇಳ್ಕೊಟ್ಟಿದ್ದು?"

"ನೀವೇ ಅತ್ತೆ" ಎಂದಳು ಸುಲೋಚನಮ್ಮ. ಎಷ್ಟೋ ತಿಂಗಳ ಮೇಲೆ ಅತ್ತೆ ಬೈದಿದ್ದಳು.

ಅಲ್ಲಿಂದ ಅದೇ ಔಷಧಿಯಾಯಿತು. ದಿನಾ ಒಂದು ಹಳೆಯ ಕತೆಯನ್ನು ಹಿಡಿದು ಎಷ್ಟು ಸಾಧ್ಯವೋ ಅಷ್ಟು ಕೆಡಿಸುವುದು, ಸುಬ್ಬಮ್ಮ ಎದ್ದು ಕೂತು ಬೈಯುವುದು. ಚಿನ್ನದ ಕೂದಲು ಸಿಕ್ಕ ರಾಜಕುಮಾರ ಅದನ್ನು ಲ್ಯಾಬಿಗೆ ಕಳಿಸಿದ. ರಿಪೋರ್ಟು ಬಂದಾಗ ಅದು ಅವನ ಸ್ವಂತ ಅತ್ತೆಯದು, ಬಣ್ಣ ಹಾಕಿಸಿದ್ದು. ಹಾವಾಗಿದ್ದ ಗಂಡನ ಪೊರೆಯನ್ನು ಹೆಂಡತಿ ಒಲೆಗೆ ಹಾಕಲಿಲ್ಲ, ಅದರ ಬಾರ್‌ಕೋಡ್ ಹುಡುಕಿ ಕಂಪನಿಗೆ ವಾಪಸ್ ಕಳಿಸಿದಳು. ಸುಬ್ಬಮ್ಮನಿಗೆ ಬೈಗುಳದ ಜೊತೆಗೆ ಕತೆಯ ತುಂಡುಗಳೂ ವಾಪಸ್ ಬರತೊಡಗಿದವು. ಮಗನ ಹೆಸರು ಬರಲಿಲ್ಲ. ರಂಗಪ್ಪನನ್ನು ನೋಡಿದರೆ ಈಗಲೂ "ಈ ಡ್ರೈವರ್ ಯಾರದ್ದು?" ಎಂದು ಕೇಳುತ್ತಿದ್ದಳು.

ಅಂಗಡಿಗೆ ಬಂದವರು ಅಳತೆ ಕೊಟ್ಟ ಮೇಲೂ ಹೋಗದೆ ಕೂರುವುದು ಶುರುವಾಯಿತು. ಅವರಲ್ಲಿ ದಿನಾ ತಪ್ಪದೆ ಬರುತ್ತಿದ್ದವಳು ವೀರಬಸಮ್ಮ. ಅಂಗಡಿಯ ಕಟ್ಟಡದ ಯಜಮಾನ ಬೂತಪ್ಪನ ಹೆಂಡತಿ. ಎತ್ತರದ, ಅಗಲದ, ಎದುರಿಗೆ ನಿಂತರೆ ಬಾಗಿಲೇ ಮುಚ್ಚಿದಂತೆ ಕಾಣುವ ಹೆಂಗಸು. ಸ್ವರ ಮಾತ್ರ ಸೊಳ್ಳೆಯದ್ದು. ಒಂದು ಹುಕ್ಕು ಹಾಕಿಸುವುದಕ್ಕೆ ಬಂದು ಒಂದು ಗಂಟೆ ಕೂರುತ್ತಿದ್ದಳು. ಕಾರಣ ಎಲ್ಲರಿಗೂ ಗೊತ್ತಿತ್ತು.

ಬೂತಪ್ಪ ಮನೆಗೆ ಕ್ಯಾಮೆರಾ ಹಾಕಿಸಿದ್ದ. ಮೊದಲು ಗೇಟಿಗೆ, ಆಮೇಲೆ ಅಡಿಕೆ ಒಣಗಿಸುವ ಅಂಗಳಕ್ಕೆ. ಅಡಿಕೆಗೆ ಕಳ್ಳರ ಕಾಟ ಇರುವುದರಿಂದ ಅದು ಸರಿಯೇ. ಆಮೇಲೆ ಹಜಾರಕ್ಕೆ ಹಾಕಿಸಿದ. ಕೊನೆಗೆ, ಬೆಕ್ಕು ಹಾಲು ಕುಡಿಯುತ್ತದೆ ಎಂದು ಅಡುಗೆಮನೆಗೂ ಹಾಕಿಸಿದ. ಬೆಕ್ಕು ಹಾಲು ಕುಡಿಯುವುದನ್ನು ಬಿಡಲಿಲ್ಲ, ಕ್ಯಾಮೆರಾ ನೋಡಿಕೊಂಡೇ ಕುಡಿಯುತ್ತಿತ್ತು. ಆದರೆ ಆ ಕ್ಯಾಮೆರಾಗಳಿಗೆ ಸ್ಪೀಕರೂ ಇತ್ತು. ಬೂತಪ್ಪ ಕೊಪ್ಪದ ಹೋಟೆಲಿನಲ್ಲಿ ಕೂತು, ಒಂದು ಕೈ ಸೊಂಟಕ್ಕಿಟ್ಟು, ಒಂದು ಕಣ್ಣು ಮುಚ್ಚಿ ಫೋನು ನೋಡುತ್ತಾ ಮಾತಾಡುತ್ತಿದ್ದ. ಇಲ್ಲಿ ಅಡುಗೆಮನೆಯ ಗೋಡೆ ಗರ್ಜಿಸುತ್ತಿತ್ತು: "ಏಯ್! ಅಲ್ಲಿ ನಿಂತೋರು ಯಾರು? ಒಲೆ ಆರಿಸಿದ್ಯಾ?"

ಅವನು ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ತಾನೊಬ್ಬ ಬಹಳ ಜವಾಬ್ದಾರಿಯ ಮನುಷ್ಯ ಎಂದು ನಂಬಿದ್ದ. ವೀರಬಸಮ್ಮ ಅಡುಗೆ ಮಾಡುವಾಗ ಹಾಡಿಕೊಳ್ಳುವುದನ್ನು ಬಿಟ್ಟಳು. ಆಮೇಲೆ ಹೊಲಿಗೆ ಅಂಗಡಿಗೆ ಬರತೊಡಗಿದಳು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಸುಬ್ಬಮ್ಮ ಇದ್ದಳು.

ಆ ವರ್ಷ ಒಂದು ಸಂಸ್ಥೆಯವರು ಕೊಪ್ಪದಲ್ಲಿ ಮೂರು ತಾಲೂಕಿನ ಮಹಿಳಾ ಸಂಘಗಳಿಗೆ ನಾಟಕದ ಸ್ಪರ್ಧೆ ಇಟ್ಟರು. ವಿಷಯ: ಅಜ್ಜಿ ಹೇಳಿದ ಕತೆ. ಕಮ್ಮರಡಿಯ ಸಂಘಕ್ಕೆ ಅದನ್ನು ತಂದು ಹೇಳಿದವಳು ಶಾಲೆಯ ಟೀಚರ್ ಭಾರ್ಗವಿ. ಶೃಂಗೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವಳು ವಾಪಸ್ ಬಸ್ಸಿಗೆ ಕಾಯುವಾಗ ಸುಲೋಚನಮ್ಮನ ಅಂಗಡಿಯಲ್ಲಿ ಕೂರುತ್ತಿದ್ದಳು, ಕತೆಯ ಆಸೆಗೆ ಒಂದೆರಡು ಬಸ್ಸು ಬಿಟ್ಟದ್ದೂ ಇತ್ತು.

"ರಾಕ್ಷಸನ ಕತೆಯನ್ನೇ ಮಾಡೋಣ" ಎಂದಳು ಭಾರ್ಗವಿ. "ಆದರೆ ನಿಮ್ಮ ಚಂದ್ರ, ಟವರ್ ಎಲ್ಲ ಬೇಡ. ತೀರ್ಪುಗಾರರು ಸಂಪ್ರದಾಯಸ್ಥರು."

"ಹಾಗಾದ್ರೆ ರಾಕ್ಷಸನಿಗೆ ಜರಿ ಬಟ್ಟೆ ಯಾರು ಕೊಡ್ತಾರೆ ಟೀಚರೆ? ನನ್ನ ಹತ್ರ ಇರೋದು ಇದೊಂದೇ." ಸುಲೋಚನಮ್ಮ ಮೂಲೆಯಲ್ಲಿದ್ದ ದೊಡ್ಡ ಬಟ್ಟೆಯ ಸುರುಳಿಯನ್ನು ಬಿಚ್ಚಿದಳು. ಕಾರಿಗೆ ಹೊದಿಸುವ ಬೆಳ್ಳಿ ಬಣ್ಣದ ಬಟ್ಟೆ. ಓಮ್ನಿಗೆ ಹೊದಿಕೆ ಹೊಲಿಸಲು ರಂಗಪ್ಪ ಶಿವಮೊಗ್ಗದಿಂದ ತಂದದ್ದು. ಅಳತೆ ಸರಿಯಾಗಿ ಕೇಳಿಸದೆ ಒಂದು ಬಸ್ಸಿಗೆ ಹೊದಿಸುವಷ್ಟು ತಂದಿದ್ದ.

ಭಾರ್ಗವಿ ಬಟ್ಟೆ ನೋಡಿದಳು. ಬಟ್ಟೆ ಫಳಫಳ ಹೊಳೆಯಿತು. "ಸರಿ, ಚಂದ್ರನ ಮೇಲೇ ಆಗಲಿ" ಎಂದಳು.

ರಾಜಕುಮಾರಿಯ ಪಾತ್ರಕ್ಕೆ ಶಾಲೆಯ ಬಿಸಿಯೂಟದ ಅಡುಗೆಯವಳು ಯಲ್ಲಕ್ಕ ನಿಂತಳು. ಐವತ್ತು ದಾಟಿದ ರಾಜಕುಮಾರಿ. "ಮಲಗೋ ಪಾತ್ರ ಆದ್ರೆ ಮಾತ್ರ ನಾನು ಮಾಡೋದು" ಎಂದು ಮೊದಲೇ ಕರಾರು ಹಾಕಿದ್ದಳು. ರಾಜಕುಮಾರನಾಗಲು ಯಾರೂ ಒಪ್ಪಲಿಲ್ಲ. ಸುಲೋಚನಮ್ಮ ಅವನನ್ನು ತೆಗೆದೇ ಹಾಕಿದಳು: ರಾಕೆಟ್ಟಿನಲ್ಲಿ ಹೊರಟ ರಾಜಕುಮಾರ ಮ್ಯಾಪು ನಂಬಿ ಬಾಳೆಹೊನ್ನೂರಿನ ಹತ್ತಿರ ಯಾರದೋ ಕಾಫಿ ಕಣದಲ್ಲಿ ಇಳಿದಿದ್ದಾನೆ, ಅವರು ಬಿಡುತ್ತಿಲ್ಲ.

"ಕೊನೆಗಾದರೂ ಬರಬೇಕಲ್ಲ?" ಎಂದಳು ಭಾರ್ಗವಿ.

"ಊಟದ ಹೊತ್ತಿಗೆ ಬತ್ತಾನೆ ಬಿಡಿ. ಗಂಡಸರು ಅದಕ್ಕೆ ತಪ್ಪಲ್ಲ."

ಉಳಿದದ್ದು ರಾಕ್ಷಸ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಬಾಗಿಲ ಹತ್ತಿರದಿಂದ ಸೊಳ್ಳೆ ಸ್ವರ ಬಂತು. "ಸುಲೋಚನಕ್ಕ, ರಾಕ್ಷಸ ನಾನಾಗ್ಲಾ?"

ಯಾರಿಗೂ ನಗು ಬರಲಿಲ್ಲ. ವೀರಬಸಮ್ಮ ಎಂತದನ್ನಾದರೂ ತಾನಾಗಿ ಕೇಳಿದ್ದನ್ನು ಯಾರೂ ನೋಡಿರಲಿಲ್ಲ.

ಬೂತಪ್ಪ ತಕರಾರು ಮಾಡಲಿಲ್ಲ. ಸಂಸ್ಥೆಯವರು ಅವನನ್ನು ಮುಂದಿನ ಸಾಲಿನ ಅತಿಥಿಯಾಗಿ ಕರೆದಿದ್ದರು, ಶಾಲು ಹೊದಿಸುವವರಿದ್ದರು. "ಇವಳು ರಾಕ್ಷಸನಾ? ಇವಳಿಗೆ ನೊಣ ಹೊಡೆಯೋಕೂ ಬರಲ್ಲ ಮಾರಾಯ" ಎಂದು ಊರೆಲ್ಲ ಹೇಳಿಕೊಂಡು ನಕ್ಕ.

ತಾಲೀಮು ನೋಡಿದವರಿಗೆ ಅವನ ಮಾತು ನಿಜ ಅನ್ನಿಸುತ್ತಿತ್ತು. ವೀರಬಸಮ್ಮನಿಗೆ ಮಾತೆಲ್ಲ ಬಾಯಿಗೆ ಬರುತ್ತಿತ್ತು, ಸ್ವರ ಬರುತ್ತಿರಲಿಲ್ಲ. 'ನನಗೆ ಸಾವಿಲ್ಲ' ಎಂದು ಅವಳು ಹೇಳಿದರೆ ಕೇಳಿದವರಿಗೆ ಅವಳ ಮೇಲೆ ಕನಿಕರ ಬರುತ್ತಿತ್ತು. ಬೇರೆಯವರನ್ನು ಹಾಕೋಣ ಎಂದಳು ಭಾರ್ಗವಿ. ಸುಲೋಚನಮ್ಮ ಒಪ್ಪಲಿಲ್ಲ. "ಡ್ರೆಸ್ ಹೊಲಿದಾಗಿದೆ ಟೀಚರೆ. ಆ ಅಳತೆಗೆ ಈ ಊರಲ್ಲಿ ಇನ್ನೊಬ್ಬರಿಲ್ಲ." ಅದು ನೆಪ. ತಾಲೀಮು ಮುಗಿದ ಮೇಲೂ ವೀರಬಸಮ್ಮ ಆ ಬೆಳ್ಳಿ ಅಂಗಿಯನ್ನು ಬಿಚ್ಚದೆ ಕನ್ನಡಿಯ ಮುಂದೆ ನಿಂತದ್ದನ್ನು ಅವಳು ನೋಡಿದ್ದಳು.

ಸ್ಪರ್ಧೆಯನ್ನು ಮಧ್ಯಾಹ್ನವೇ ಇಟ್ಟಿದ್ದರು. ಆನೆಗಳು ಓಡಾಡುತ್ತಿದ್ದ ಕಾಲ, ಸಂಜೆಯೊಳಗೆ ಎಲ್ಲರೂ ಮನೆ ಸೇರಬೇಕಿತ್ತು. ಶೃಂಗೇರಿಯ ತಂಡದವರು ರೇಷ್ಮೆ ಸೀರೆಯುಟ್ಟು ಬಹಳ ಶುದ್ಧವಾದ ನಾಟಕ ಮಾಡಿದರು. ಅದರಲ್ಲಿ ರಾಕ್ಷಸನೂ ಸಂಸ್ಕೃತ ಮಾತಾಡಿದ. ನರಸಿಂಹರಾಜಪುರದವರ ರಾಜನ ಮೀಸೆ ಬಿದ್ದುಹೋಗಿ, ಅದನ್ನು ಮಂತ್ರಿ ಎತ್ತಿಕೊಟ್ಟ. ಮೂರನೆಯವರು ಕಮ್ಮರಡಿಯವರು.

ಪರದೆ ಎದ್ದಿತು. ಬೆಂಚಿನ ಮೇಲೆ ಬೆಳ್ಳಿ ಹೊದ್ದು ರಾಜಕುಮಾರಿ ಯಲ್ಲಕ್ಕ ಮಲಗಿದ್ದಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆಲ್ಲ ಅಡುಗೆ ಮಾಡಿ ಬಂದವಳು; ಮಲಗಿದ ಕೂಡಲೇ ನಿಜವಾಗಿಯೂ ನಿದ್ದೆ ಹೋಗಿದ್ದಳು. ಸಣ್ಣಗೆ ಗೊರಕೆ ಮೈಕಿಗೆ ಬೀಳುತ್ತಿತ್ತು. ಆಮೇಲೆ ರಾಕ್ಷಸ ಬಂದ. ಎದೆಗೆ ಇಡ್ಲಿ ತಟ್ಟೆ, ತಲೆಗೆ ಮುರಿದ ಕೊಡೆಯ ಕಡ್ಡಿಗಳು, ಕಾಲಿಗೆ ರಬ್ಬರ್ ಬೂಟು. ಜನ ಚಪ್ಪಾಳೆ ಹೊಡೆದರು.

ವೀರಬಸಮ್ಮ ವೇದಿಕೆಯ ನಡುವೆ ಬಂದು ನಿಂತಳು. ಎದುರಿನ ಸಾಲಿನಲ್ಲಿ ಶಾಲು ಹೊದ್ದ ಬೂತಪ್ಪ ಫೋನು ಎತ್ತಿ ವಿಡಿಯೋ ತೆಗೆಯುತ್ತಿದ್ದ. ಅದೇ ಫೋನು, ಅದೇ ಮುಚ್ಚಿದ ಕಣ್ಣು. ಅವಳ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಮಾತು ಹೊರಡಲಿಲ್ಲ. ಯಲ್ಲಕ್ಕನ ಗೊರಕೆಯೊಂದೇ ಕೇಳುತ್ತಿತ್ತು.

ಪರದೆಯ ಮರೆಯಲ್ಲಿದ್ದ ಸುಲೋಚನಮ್ಮನಿಗೆ, ಇವಳನ್ನು ಯಾಕಾದರೂ ತಂದು ಇಲ್ಲಿ ನಿಲ್ಲಿಸಿದೆನೋ ಎನ್ನಿಸಿತು. ಅಲ್ಲಿಂದಲೇ ಮಾತು ಹೇಳಿಕೊಟ್ಟಳು. ಕೇಳಿಸಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದಳು. ಈ ಸಲ ಇಡೀ ಸಭೆಗೆ ಕೇಳಿಸಿತು: "ನನ್ನ ಪ್ರಾಣ ಏಳು ಟವರಿನಾಚೆ ಇದೆ!"

"ಥೂ!"

ಸಭೆಯ ನಡುವೆ, ರಂಗಪ್ಪನ ಪಕ್ಕದಲ್ಲಿ ಸುಬ್ಬಮ್ಮ ಎದ್ದು ನಿಂತಿದ್ದಳು. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲವೆಂದು ಅವಳನ್ನೂ ಕರೆತಂದಿದ್ದರು.

"ಏಳು ಸಮುದ್ರ ಕಣೇ! ಎಷ್ಟು ಸಲ ಹೇಳ್ಲಿ? ಏಯ್ ರಾಕ್ಷಸ, ಕತೆ ಬರದೇ ಇದ್ರೆ ಇಳಿ ಕೆಳಗೆ!"

ಜನ ಗೊಳ್ಳೆಂದು ನಕ್ಕರು. ರಂಗಪ್ಪ ಸೆರಗು ಹಿಡಿದು ಎಳೆದ. ಸುಬ್ಬಮ್ಮ ಅವನ ಕೈಗೆ ಬಾರಿಸಿದಳು. "ಬಿಡಾ, ಡ್ರೈವರ್!"

ವೀರಬಸಮ್ಮ ನಿಧಾನಕ್ಕೆ ಆ ಕಡೆ ತಿರುಗಿದಳು. ಆಮೇಲೆ ಆದದ್ದನ್ನು ಕಮ್ಮರಡಿಯವರು ಈಗಲೂ ನಿಂತು ಮಾಡಿ ತೋರಿಸುತ್ತಾರೆ. ರಾಕ್ಷಸನ ಎಡಗೈ ಸೊಂಟಕ್ಕೆ ಹೋಯಿತು. ಕುತ್ತಿಗೆ ಓರೆಯಾಯಿತು. ಒಂದು ಕಣ್ಣು ಮುಚ್ಚಿತು. ಬಲಗೈಯನ್ನು ಮುಖದ ಮುಂದೆ ಫೋನಿನಂತೆ ಹಿಡಿದು, ಹೊಟ್ಟೆಯ ತಳದಿಂದ, ಅವಳದ್ದಲ್ಲದ ಒಂದು ಸ್ವರದಲ್ಲಿ ರಾಕ್ಷಸ ಗುಡುಗಿದ:

"ಏಯ್! ಅಲ್ಲಿ ನಿಂತೋರು ಯಾರು? ಒಲೆ ಆರಿಸಿದ್ಯಾ?"

ಕಮ್ಮರಡಿಯ ಹೆಂಗಸರು ಒಂದು ಕ್ಷಣ ಉಸಿರು ಹಿಡಿದರು. ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ನಾನು ಸುಬ್ಬಮ್ಮ" ಎಂದಳು ಮುದುಕಿ, ಒಂಚೂರೂ ಅಂಜದೆ. "ಒಲೆ ವಿಷಯ ನಿಂಗೆಂತಕ್ಕೆ? ನೀನೇನು ಅಡುಗೆಯವ್ನಾ, ರಾಕ್ಷಸನಾ?"

"ನಾನು ಚಂದ್ರನ ಮೇಲೆ ಕೂತು ಎಲ್ಲಾ ನೋಡ್ತೀನಿ! ಬೆಕ್ಕು ಬಂದಿದ್ದು ನೋಡ್ತೀನಿ, ಹಾಲು ಉಕ್ಕಿದ್ದು ನೋಡ್ತೀನಿ!"

"ನೋಡಿ ಉಕ್ಕಿಸ್ತೀಯೋ, ಬಂದು ಇಳಿಸ್ತೀಯೋ?"

"ಇಳಿಸೋದು ನನ್ ಕೆಲ್ಸ ಅಲ್ಲ! ನಂದು ಜವಾಬ್ದಾರಿ!"

ಭಾರ್ಗವಿ ಕೈಯಲ್ಲಿದ್ದ ನಾಟಕದ ಹಾಳೆಗಳನ್ನು ಮಡಚಿಟ್ಟಳು. ಅದರಲ್ಲಿದ್ದ ಒಂದು ಮಾತೂ ಇನ್ನು ಉಪಯೋಗಕ್ಕೆ ಬರುವಂತಿರಲಿಲ್ಲ.

"ಅದೆಲ್ಲ ಇರ್ಲಿ, ನಿನ್ ಪ್ರಾಣ ಎಲ್ಲಿಟ್ಟಿದ್ಯ? ಅದನ್ನ ಹೇಳು" ಎಂದಳು ಸುಬ್ಬಮ್ಮ.

ರಾಕ್ಷಸ ಸೊಂಟದ ಜೇಬನ್ನು ತಟ್ಟಿದ. "ಇಲ್ಲೇ ಇದೆ. ಚಾರ್ಜ್ ಇರೋ ತನಕ ನಂಗೆ ಸಾವಿಲ್ಲ."

"ಮಾತಾಡುತ್ತಾ?"

"ಮಾತಾಡುತ್ತೆ ಅಜ್ಜಿ. ಕಂಡಿದ್ದೆಲ್ಲ ಹೇಳುತ್ತೆ."

"ಹಾಗಾದ್ರೆ ಅದು ಗಿಣಿ" ಎಂದು ಸುಬ್ಬಮ್ಮ ತೃಪ್ತಿಯಿಂದ ಕೂತಳು. "ಈಗ ಸರಿ ಆಯ್ತು ನೋಡು. ಮುಂದಕ್ಕೆ ಹೇಳು."

ಅಷ್ಟರಲ್ಲಿ ಗದ್ದಲಕ್ಕೆ ಯಲ್ಲಕ್ಕನಿಗೆ ಎಚ್ಚರವಾಯಿತು. ತನ್ನ ಸರದಿ ತಪ್ಪಿಹೋಯಿತೆಂದು ಗಾಬರಿಯಿಂದ ಎದ್ದು ಓಡಿಬಂದವಳ ಕಾಲು ಮೈಕಿನ ವಯರಿಗೆ ಸಿಕ್ಕಿತು. ವಯರು ಕಿತ್ತುಬಂತು. ಮೈಕೂ ಹೋಯಿತು, ದೀಪವೂ ಹೋಯಿತು. ರಾಜಕುಮಾರಿ ರಾಕ್ಷಸನ ಪ್ಲಗ್ ಕಿತ್ತಳೆಂದೇ ಜನ ತಿಳಿದರು. ವೀರಬಸಮ್ಮನೂ ಹಾಗೇ ತಿಳಿದು, ಇಡ್ಲಿ ತಟ್ಟೆ ಝಣಝಣ ಎನ್ನುವಂತೆ ಬಿದ್ದು ಪ್ರಾಣ ಬಿಟ್ಟಳು. ಹಾಗೆ ಸತ್ತ ರಾಕ್ಷಸನನ್ನು ಕೊಪ್ಪದವರು ನೋಡಿರಲಿಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕವನು ಬೂತಪ್ಪ. ಕಣ್ಣೀರು ಒರೆಸಿಕೊಂಡು, ಪಕ್ಕದವರಿಗೆ "ನನ್ನ ಹೆಂಡ್ತಿ ಮಾರಾಯ್ರೆ, ನನ್ನ ಹೆಂಡ್ತಿ!" ಎಂದು ಹೇಳಿದ. ಆ ರಾಕ್ಷಸ ಯಾರೆಂದು ಅವನಿಗೆ ಹೊಳೆದೇ ಇರಲಿಲ್ಲ.

ಬಹುಮಾನ ಶೃಂಗೇರಿಗೆ ಹೋಯಿತು. ಕಮ್ಮರಡಿಯದು ಮೂಲಕತೆಗೆ ಮಾಡಿದ ಅಪಚಾರ ಎಂದು ತೀರ್ಪುಗಾರರು ಹೇಳಿದರು. ಸುಬ್ಬಮ್ಮ ಅದನ್ನು ಪೂರ್ತಿಯಾಗಿ ಒಪ್ಪಿದಳು.

ಬೂತಪ್ಪ ಆ ವಿಡಿಯೋವನ್ನು ಕಂಡವರಿಗೆಲ್ಲ ತೋರಿಸಿದ. ಊರಿನವರು ನೋಡಿ, ನಗು ನುಂಗಿ, "ಭಾರಿ ಲಾಯ್ಕಾಗಿದೆ" ಎಂದು ಹೇಳಿ ಕಳಿಸುತ್ತಿದ್ದರು. ಕೊನೆಗೆ ಮೇಗುಂದದ ತನ್ನ ಭಾವಮೈದುನನಿಗೆ ತೋರಿಸಿದಾಗ, ಮುಚ್ಚುಮರೆ ಗೊತ್ತಿಲ್ಲದ ಆ ಮನುಷ್ಯ ಎರಡನೇ ಸಲ ಹಾಕಿಸಿ ನೋಡಿ ಕೇಳಿದ: "ಅಲ್ಲ ಭಾವ, ಇದು ನೀವೇ ಅಲ್ದನಾ?"

ಬೂತಪ್ಪ ಮೂರನೇ ಸಲ ಒಬ್ಬನೇ ನೋಡಿದ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿಕೊಂಡು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದ. ಕೂಗಾಡಲಿಲ್ಲ. ಅದೇ ಸುಲೋಚನಮ್ಮನಿಗೆ ಹೆದರಿಕೆಯಾದದ್ದು.

"ನನ್ನ ಕಟ್ಟಡದಲ್ಲಿ ಕೂತು ನನ್ನನ್ನೇ ರಾಕ್ಷಸ ಮಾಡಿದ್ಯಾ?"

"ಕತೇಲಿ ರಾಕ್ಷಸ ಮೊದ್ಲಿಂದ ಇದ್ದ ಬೂತಪ್ಪಣ್ಣ. ನಾನು ಬಟ್ಟೆ ಹೊಲಿದೆ, ಅಷ್ಟೆ. ಅದು ನಿಮಗೆ ಸರಿಯಾಗಿ ಕೂತ್ರೆ ನಾನೆಂತ ಮಾಡ್ಲಿ?"

ಬಾಯಿಂದ ಹೊರಬಿದ್ದ ಮೇಲೆ ಇದನ್ನು ಹೇಳಬಾರದಿತ್ತು ಅನ್ನಿಸಿತು. ಬೂತಪ್ಪ ಅಂಗಡಿಯ ಸುತ್ತ ಕಣ್ಣು ಹಾಯಿಸಿದ. "ತಿಂಗಳೊಳಗೆ ಖಾಲಿ ಮಾಡು" ಎಂದು ಹೊರಟುಹೋದ.

ಸುಲೋಚನಮ್ಮನಿಗೆ ಅಂಗಡಿಯದಕ್ಕಿಂತ ವೀರಬಸಮ್ಮನ ಚಿಂತೆ ಹತ್ತಿತು. ನಾಟಕವಾದ ಮೇಲೆ ಅವಳು ಅಂಗಡಿಯ ಕಡೆ ಬಂದಿರಲಿಲ್ಲ. ತಾನು ತಮಾಷೆಗೆ ಹೊಲಿದ ವೇಷಕ್ಕೆ ಆ ಹೆಂಗಸು ಮನೆಯಲ್ಲಿ ಎಂತ ಬೆಲೆ ತೆರುತ್ತಿದ್ದಾಳೋ ಎಂದು ಊಟ ಸೇರಲಿಲ್ಲ. ಮಧ್ಯಾಹ್ನ ಒಂದು ಬ್ಲೌಸನ್ನು ನೆಪಕ್ಕೆ ಹಿಡಿದು ಅವರ ಮನೆಗೆ ಹೋದಳು. ಗೇಟು ತೆರೆದದ್ದೇ ಕಂಬ ಮಾತಾಡಿತು: "ಯಾರದು?"

"ಸುಲೋಚನ. ಬ್ಲೌಸ್ ಕೊಡೋಕೆ ಬಂದೆ. ನಿಮ್ಗಲ್ಲ, ನಿಮ್ ಹೆಂಡ್ತಿಗೆ."

ಕಂಬ ಸುಮ್ಮನಾಯಿತು.

ಅಡುಗೆಮನೆಯಲ್ಲಿ ವೀರಬಸಮ್ಮ ಕಡುಬಿಗೆ ಹಿಟ್ಟು ತೊಳಸುತ್ತಿದ್ದಳು. ಯಾವುದೋ ಹಾಡು ಗುನುಗುತ್ತಿದ್ದಳು. ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಬೆಳ್ಳಿ ಬಟ್ಟೆಯ ತುಂಡೊಂದನ್ನು ನೀಟಾಗಿ ಕಟ್ಟಿದ್ದಳು, ಮದುಮಗನ ಮುಖಕ್ಕೆ ಬಾಸಿಂಗ ಇಳಿಬಿಟ್ಟ ಹಾಗೆ.

"ಬಯ್ದ್ರಾ?" ಎಂದು ಕೇಳಿದಳು ಸುಲೋಚನಮ್ಮ ಪಿಸುದನಿಯಲ್ಲಿ.

"ಬಯ್ದ್ರು. ಮೇಗುಂದದಿಂದ ಬಂದೋರೇ ಶುರು ಮಾಡಿದ್ರು." ವೀರಬಸಮ್ಮ ಹಿಟ್ಟು ತಿರುವುತ್ತಲೇ ಹೇಳಿದಳು. "ನಂಗೂ ಹೆದ್ರಿಕೆ ಆಯ್ತು ಸುಲೋಚನಕ್ಕ. ಆಮೇಲೆ ಎಂತಾಯ್ತೋ ಗೊತ್ತಿಲ್ಲ, ಆ ರಾಕ್ಷಸನ ಸ್ವರದಲ್ಲಿ ಒಂದ್ಸಲ 'ಏಯ್' ಅಂದೆ. ಅಷ್ಟೇ. ಸುಮ್ನೆ ಕೂತ್ರು. ಊಟಾನೂ ಮಾಡಿದ್ರು."

"ಈಗ?"

"ಈಗ ಇಬ್ರಿಗೂ ಮಾತಿಲ್ಲ. ಒಂಥರಾ ಆರಾಮಿದೆ."

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ವೀರಬಸಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಂಗಡಿಯ ವಿಷಯ ಎತ್ತಿದಾಗ, ತಾನು ಮಾತಾಡುತ್ತೇನೆ ಎಂದಳು. ಸುಲೋಚನಮ್ಮ ಬೇಡವೆಂದಳು. ಹಾಗೆ ಉಳಿದುಕೊಂಡರೆ ತನ್ನ ಬಾಯಿಗೆ ದಿನಾ ಬೂತಪ್ಪನ ಹಂಗು ಇರುತ್ತದೆ, ಹಂಗಿನ ಬಾಯಿಂದ ಕತೆ ಹುಟ್ಟುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಹೀಗೆ ಹೊಲಿಗೆ ಅಂಗಡಿ ಓಮ್ನಿಗೆ ಏರಿತು. ರಂಗಪ್ಪ ಹಿಂದಿನ ಸೀಟು ಕಿತ್ತು ಹಾಕಿ, ಮಿಷನ್ನನ್ನು ಬೋಲ್ಟ್ ಹಾಕಿ ಕೂರಿಸಿದ. ಉಳಿದ ಬೆಳ್ಳಿ ಬಟ್ಟೆಯನ್ನು ಬಾಗಿಲಿಗೆ ಚಪ್ಪರದ ಹಾಗೆ ಹೊಲಿದರು. ಒಂದೊಂದು ದಿನ ಒಂದೊಂದು ಊರು. ಭಂಡಿಗಡಿ, ಮೇಗುಂದ, ಸಂತೆಯ ದಿನ ಕೊಪ್ಪ. ಮುಂದಿನ ಸೀಟಿನಲ್ಲಿ ಸುಬ್ಬಮ್ಮ. ಜನ ಅದಕ್ಕೆ ರಾಕೆಟ್ ಎಂದು ಹೆಸರಿಟ್ಟರು. ಮೊದಲ ವಾರ ಗಿರಾಕಿಗಳೇ ಬರಲಿಲ್ಲ. ಮಳೆ ಬಂದರೆ ಬಟ್ಟೆ ನೆನೆಯುತ್ತಿತ್ತು, ಇಳಿಜಾರಿನಲ್ಲಿ ನಿಲ್ಲಿಸಿದರೆ ಹೊಲಿಗೆ ಓರೆಯಾಗುತ್ತಿತ್ತು. ಮೇಗುಂದದಲ್ಲಿ ಒಮ್ಮೆ ರಂಗಪ್ಪ ಹ್ಯಾಂಡ್‌ಬ್ರೇಕ್ ಹಾಕಲು ಮರೆತು, ಸುಲೋಚನಮ್ಮ ಯಾರದೋ ಲಂಗದ ಅಂಚು ಹೊಲಿಯುತ್ತಲೇ ಗದ್ದೆಯವರೆಗೆ ಹೋಗಿ ನಿಂತಳು. ಲಂಗದವಳೂ ಹಿಂದೆಯೇ ಓಡಿ ಬಂದಿದ್ದಳು. ಆ ಸುದ್ದಿ ಹಬ್ಬಿದ ಮೇಲೆ ಗಿರಾಕಿಗಳು ಬರತೊಡಗಿದರು.

ಆ ದಿನಗಳಲ್ಲಿ ಒಮ್ಮೆ ಸುಲೋಚನಮ್ಮನಿಗೆ ಜ್ವರ. ಕತೆ ಕೆಡಿಸುವಷ್ಟು ತ್ರಾಣವಿರಲಿಲ್ಲ. ರಾಕ್ಷಸನ ಕತೆಯನ್ನು ಅತ್ತೆ ಹೇಳುತ್ತಿದ್ದ ಹಾಗೆಯೇ ನೆಟ್ಟಗೆ ಹೇಳಿ ಮುಗಿಸಿದಳು. ಸುಬ್ಬಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ ಅನುಮಾನದಿಂದ ಸೊಸೆಯ ಮುಖ ನೋಡಿದಳು.

"ಟವರ್ ಎಲ್ಲಿ ಹೋಯ್ತೇ?"

"ಟವರ್ ಇಲ್ಲ ಅಂತ ನೀವೇ ಅಲ್ವಾ ಬಯ್ಯೋದು?"

"ನಾನು ಬಯ್ತೀನಿ. ಹಾಗಂತ ನೀನು ಬಿಡೋದಾ? ಸರಿಯಾಗಿ ಹೇಳು."

ಸುಲೋಚನಮ್ಮ ಜ್ವರದಲ್ಲೇ ಮೊದಲಿನಿಂದ ಮತ್ತೆ ಶುರು ಮಾಡಿದಳು.

ಬೂತಪ್ಪ ಬಂದದ್ದು ಅಡಿಕೆ ಕೊಯ್ಲು ಮುಗಿದ ಮೇಲೆ. ಕಮ್ಮರಡಿಯಲ್ಲಲ್ಲ, ತನ್ನ ಗುರುತಿನವರು ಕಡಿಮೆಯಿದ್ದ ಭಂಡಿಗಡಿಯಲ್ಲಿ. ಬೈಕನ್ನು ದೂರ ನಿಲ್ಲಿಸಿ, ಕ್ಯಾರಿಬ್ಯಾಗೊಂದನ್ನು ಕಂಕುಳಲ್ಲಿ ಅಡಗಿಸಿಕೊಂಡು ಬಂದ. ಒಳಗೆ ಪ್ಯಾಂಟುಗಳು. ಕೊಪ್ಪದ ದರ್ಜಿ ಸೊಂಟ ಬಿಡಿಸಿಕೊಡಲು ಹೋಗಿ ಕೆಡಿಸಿದ್ದ, ರೆಡಿಮೇಡ್ ಅವನ ಮೈಗೆ ಹುಟ್ಟಿಲ್ಲ, ವಾರದಲ್ಲಿ ಒಂದು ಮದುವೆಯಿತ್ತು.

ಮುಂದಿನ ಸೀಟಿನಿಂದ ಸುಬ್ಬಮ್ಮ ಬಗ್ಗಿ ನೋಡಿದಳು. "ಇವನ್ಯಾರೇ? ಎಲ್ಲೋ ನೋಡ್ದಂಗಿದೆ."

ಸುಲೋಚನಮ್ಮ ನಾಲಿಗೆ ಕಚ್ಚಿಕೊಂಡಳು. ಬೂತಪ್ಪ ಕಿವಿ ಕೆಂಪಗೆ ಮಾಡಿಕೊಂಡು ನಿಂತ. ಟೇಪು ಹಿಡಿದು ಅವಳು ಹತ್ತಿರ ಬಂದಾಗ ಹೊಟ್ಟೆಯನ್ನು ಒಳಗೆಳೆದುಕೊಂಡ.

"ಉಸಿರು ಬಿಡಿ ಬೂತಪ್ಪಣ್ಣ. ಇಲ್ಲಿ ಬಿಡದಿದ್ರೆ ಮದುವೆ ಮನೇಲಿ ಬಿಡಬೇಕಾಗುತ್ತೆ."

ಅವನು ಬಿಟ್ಟ. ಹೊಟ್ಟೆ ಬಂತು. ಅವಳು ಎಂತದೂ ಹೇಳದೆ ಅಳತೆ ತೆಗೆದುಕೊಂಡಳು.

"ಅಂಗಡಿ ಹಾಗೇ ಇದೆ" ಎಂದ ಬೂತಪ್ಪ, ರಸ್ತೆಯ ಕಡೆ ನೋಡುತ್ತಾ. "ಯಾರಿಗೂ ಕೊಟ್ಟಿಲ್ಲ. ವೀರ ಹೇಳ್ತಿದ್ಲು... ಬೇಕಾದ್ರೆ ಬರ್ಬೋದಂತೆ."

"ಅಡುಗೆಮನೆ ಕ್ಯಾಮೆರಾ?"

"ಅದು ತೆಗೆಸಿ ಕೊಟ್ಟಿಗೆಗೆ ಹಾಕ್ಸಿದೀನಿ. ಎಮ್ಮೆಗೆ ಅಭ್ಯಂತರ ಇಲ್ಲ."

ಬೂತಪ್ಪ ತಮಾಷೆ ಮಾಡಿದ್ದೋ, ನಿಜ ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಆದರೂ ನಕ್ಕಳು. ಅಂಗಡಿಗೆ ವಾಪಸ್ ಹೋಗುವ ಮಾತನ್ನು ಸ್ವಲ್ಪ ಹೊತ್ತು ಯೋಚಿಸಿದಳು. ಅಷ್ಟು ಹೊತ್ತಿಗೆ ಭಂಡಿಗಡಿಯ ಹೆಂಗಸರು ಬೆಳ್ಳಿ ಚಪ್ಪರದ ಕೆಳಗೆ ಬಂದು ಕೂತಿದ್ದರು. ಕೈಯಲ್ಲಿ ಬ್ಲೌಸ್ ಪೀಸು ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಉಳಿದವರು ಕತೆಗೇ ಬಂದವರು.

"ಕಟ್ಟಡ ಬೇರೆಯವರಿಗೆ ಕೊಡಿ" ಎಂದಳು. "ನಂಗೆ ಇದೇ ಸಾಕು. ಪ್ಯಾಂಟು ಬುಧವಾರ ಕೊಪ್ಪದಲ್ಲಿ ಸಿಗುತ್ತೆ. ವೀರಬಸಮ್ಮನನ್ನ ಕಳ್ಸಿ, ನೀವು ಬರೋದು ಬೇಡ."

ಬೂತಪ್ಪ ತಲೆಯಾಡಿಸಿ ಬೈಕಿನ ಕಡೆ ನಡೆದ. ಸುಲೋಚನಮ್ಮ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಾ ಕೂತಳು.